ಸೀನು ಬರದ ಕರಡಿ

ಅತ್ತೆಯ ಅಂಗಡಿಯಲ್ಲಿ ನಾಟಕದ ವೇಷಗಳು ಬಾಡಿಗೆಗೆ ಸಿಗುತ್ತವೆ. ರಾಜ, ರಾಕ್ಷಸ, ಪೊಲೀಸು, ಪ್ರಾಣಿ, ಎಲ್ಲವೂ ಚೀಲಗಳೊಳಗೆ ಅಟ್ಟದ ಮೇಲೆ ಕೂತಿವೆ. ಯಾವ ಚೀಲದಲ್ಲಿ ಏನಿದೆಯೆಂದು ಹುಡುಕಲು ಸೊಸೆ ಕಂಪ್ಯೂಟರಿನಲ್ಲೊಂದು ಸರ್ಚ್ ಕಟ್ಟಿಕೊಟ್ಟಿದ್ದಳು. ಅದಕ್ಕೆ ಅವಳು ಕಲಿಸಿದ್ದು ನಾಲ್ಕೇ ಫೀಲ್ಡು: ವೇಷ, ಬಣ್ಣ, ಅಳತೆ, ಚೀಲದ ನಂಬರು.

ಆದರೆ ವಿವರಗಳನ್ನು ಒಂದು ಫೈಲಿನಲ್ಲಿ ಟೈಪ್ ಮಾಡುತ್ತಿದ್ದುದು ಅತ್ತೆ. ನಾಲ್ಕು ಕಾಲಂ ಎಂದರೆ ಅವರಿಗೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಏನಾದರೂ ನೆನಪಾದರೆ ಸಾಕು, ಪಕ್ಕದಲ್ಲೊಂದು ಹೊಸ ಕಾಲಂ ಹುಟ್ಟುತ್ತಿತ್ತು: ‘ಎಲ್ಲಿ ಚುಚ್ಚುತ್ತೆ’, ‘ಕೂರಬಹುದಾ’, ‘ಹಾಕ್ಕೊಂಡವರ ಗತಿ’.

ಒಂದು ದಿನ ಬೆಳಿಗ್ಗೆ ಸೊಸೆ ಆ ವಿವರಗಳನ್ನು ಕಂಪ್ಯೂಟರಿಗೆ ತುಂಬಲು ಹೋದರೆ, ಗುರುತಿಲ್ಲದ ಕಾಲಂ ಕಂಡಲ್ಲೆಲ್ಲ ಸರ್ಚು ಇಡೀ ವೇಷವನ್ನೇ ಬಾಗಿಲಿಂದ ಹಿಂದೆ ಕಳಿಸುತ್ತಿತ್ತು. ‘ಈ ಫೀಲ್ಡ್ ಗೊತ್ತಿಲ್ಲ’ ಎಂದು ಪರದೆಯ ತುಂಬ ಕೆಂಪಕ್ಷರ. ಸೊಸೆ ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದಳು: ಗೊತ್ತಿಲ್ಲದ ಫೀಲ್ಡನ್ನು ಕಡೆಗಣಿಸು. ವೇಷಗಳೆಲ್ಲ ಸಲೀಸಾಗಿ ಒಳಗೆ ಹೋದವು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡು ಅವಳು ಕುಕ್ಕರ್ ಇಡಲು ಎದ್ದಳು.

ಮಧ್ಯಾಹ್ನ ಪರದೆಯಣ್ಣ ಬಂದ. ತಲೆ ನರೆಯುವವರೆಗೂ ನಾಟಕ ತಂಡದ ಪರದೆ ಎಳೆದವನಿಗೆ ಆ ಸಂಜೆ ಮೊಟ್ಟಮೊದಲ ಪಾತ್ರ, ಕರಡಿ. ಮೂಗು ಮಾತ್ರ ಟೊಮೆಟೊ ಆಗಿತ್ತು.

“ತಂಡದ ಕರಡಿ ಹಾಕ್ಕೊಂಡ್ರೆ ಸೀನು ನಿಲ್ತಾ ಇಲ್ಲಮ್ಮ. ಇನ್ನೊಂದು ಸಲ ಸೀನಿದ್ರೆ ಮತ್ತೆ ಪರದೆ ಹಗ್ಗಾನೇ ಹಿಡ್ಕೊ ಅಂದ್ಬಿಟ್ರು ಡೈರೆಕ್ಟರು.”

“ಸೀನು ಬರದೇ ಇರೋ ಕರಡಿ ಒಂದಿದೆ ಕಣೋ,” ಎಂದರು ಅತ್ತೆ. “ಯಾವ ಚೀಲ ಅಂತ ಮರೆತಿದ್ದೀನಿ. ಆದ್ರೆ ಬರೆದಿಟ್ಟಿದ್ದೀನಿ. ಹುಡುಕಮ್ಮ.”

ಸೊಸೆ ‘ಕರಡಿ’ ಎಂದು ಹೊಡೆದಳು. ದೊಡ್ಡ ಹಿಂಡೇ ಬಂತು. ‘ಕರಡಿ ಸೀನು’ ಎಂದಾಗ ಒಂದೂ ಇಲ್ಲ. ಚೀಲಗಳನ್ನು ಒಂದೊಂದಾಗಿ ಬಿಚ್ಚಿ ನೋಡೋಣವೆಂದರೆ, ಆ ಧೂಳಿಗೆ ಸಂಜೆಯೊಳಗೆ ಪರದೆಯಣ್ಣನ ಮೂಗೇ ಉಳಿಯುವುದಿಲ್ಲ.

ಅವಳು ನಾಲಿಗೆ ಕಚ್ಚಿಕೊಂಡಳು. “ಅತ್ತೆ, ನಿಮ್ಮ ಕಾಲಂಗಳನ್ನ ಬಿಟ್ಬಿಡು ಅಂತ ಬೆಳಿಗ್ಗೆ ನಾನೇ ಇದಕ್ಕೆ ಹೇಳಿಕೊಟ್ಟಿದ್ದೆ.”

“ಅಂದ್ರೆ ನೆಂಟರನ್ನ ಒಳಗೆ ಕರೆದು, ಅವರ ಗಂಟನ್ನ ಬೀದಿಗೆ ಎಸೆದೆ ಅನ್ನು.”

“ಕಾಲಮ್ಮಿಗೊಂದು ಫೀಲ್ಡ್ ಮಾಡ್ತಾ ಕೂತ್ರೆ ನನ್ನ ಆಯಸ್ಸು ಮುಗಿಯುತ್ತೆ. ನೀವು ದಿನಕ್ಕೊಂದು ಹೆರ್ತೀರಿ.”

“ಹೆತ್ತಿದ್ದಕ್ಕೇ ನಿಂಗೊಬ್ಬ ಗಂಡ ಸಿಕ್ಕಿದ್ದು.”

ಪರದೆಯಣ್ಣ ನಗಲು ಹೋಗಿ ಸೀನಿದ.

ಸೊಸೆ ಬೆಳಗಿನ ಆ ಸಾಲನ್ನು ಅಳಿಸಿದಳು. ‘ಉಳಿದದ್ದು’ ಎಂಬ ಒಂದೇ ಹೊಸ ಫೀಲ್ಡ್ ಮಾಡಿ, ಗುರುತಿಲ್ಲದ ಕಾಲಂ ಯಾವುದೇ ಬರಲಿ, ಅದರ ಹೆಸರು, ಅದರಲ್ಲಿ ಬರೆದ ಮಾತು ಎರಡನ್ನೂ ಇದರೊಳಗೆ ಹಾಕು, ಅಲ್ಲಿಯೂ ಹುಡುಕು ಎಂದು ಬರೆದಳು. ಅತ್ತೆ ಟೈಪ್ ಮಾಡಿದ್ದು ಅವರ ಫೈಲಿನಲ್ಲಿ ಹಾಗೇ ಇತ್ತು. ಅದನ್ನು ಮತ್ತೆ ಮೊದಲಿಂದ ತುಂಬಿಸಿದಳು. ಅಷ್ಟು ಹೊತ್ತೂ ಪರದೆಯಣ್ಣ ಮೂಗು ಹಿಡಿದುಕೊಂಡೇ ನಿಂತಿದ್ದ.

‘ಕರಡಿ ಸೀನು.’ ಈಗ ಎರಡು ಬಂದವು. ಕಂದು ಕರಡಿ: ಸೀನು ಗ್ಯಾರಂಟಿ. ಕಪ್ಪು ಕರಡಿ: ಒಳಗೆಲ್ಲ ಹತ್ತಿ ಬಟ್ಟೆ, ಸೀನು ಬರಲ್ಲ, ಬಾಲ ಸಡಿಲ.

ಸೊಸೆ ಅಟ್ಟ ಹತ್ತಿ ಚೀಲ ಇಳಿಸಿ, ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಪರದೆಯಣ್ಣ ಕರಡಿಯೊಳಗೆ ಹೊಕ್ಕು, ತಲೆಯನ್ನೂ ತೊಟ್ಟುಕೊಂಡು, ಉದ್ದಕ್ಕೆ ಉಸಿರೆಳೆದ. ಇಬ್ಬರೂ ಅವನ ಮುಖ ಇರಬೇಕಾದ ಜಾಗವನ್ನೇ ನೋಡಿದರು. ಅತ್ತೆಯ ಕೈಯಲ್ಲಿ ಕರವಸ್ತ್ರ ಸಿದ್ಧವಾಗಿತ್ತು.

ಸೀನು ಬರಲಿಲ್ಲ. ಇನ್ನೊಮ್ಮೆ ಉಸಿರೆಳೆದ, ಆಗಲೂ ಇಲ್ಲ. ಆಮೇಲೆ ಕಪಾಟಿನ ಗಾಜು ಅದುರುವಂತೆ ಗುರುಗುಟ್ಟಿ, ಎರಡು ಸುತ್ತು ಕುಣಿದ. ಬಾಲ ಕಳಚಿ ಸೊಸೆಯ ಮಡಿಲಿಗೆ ಬಿತ್ತು.

“ಹಗ್ಗ ಹಿಡಿಯೋಕೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಡೈರೆಕ್ಟರಿಗೆ ಫೋನ್ ಮಾಡಿ ಹೇಳಮ್ಮ,” ಎಂದಿತು ಕರಡಿ.

ಅತ್ತೆ ಸೂಜಿಗೆ ದಾರ ಪೋಣಿಸುತ್ತ ಬಂದು ಬಾಲ ಎತ್ತಿಕೊಂಡರು. “ಫೋನ್ ಆಮೇಲೆ. ಮೊದಲು ಕುಣಿತಕ್ಕೊಂದು ಕಾಲಂ ಹಾಕು.”

“ಹಾಕ್ತಾ ಇದ್ದೀನಿ ಅತ್ತೆ,” ಎಂದಳು ಸೊಸೆ. ಅವಳ ಬೆರಳು ಆಗಲೇ ಕೀಬೋರ್ಡಿನ ಮೇಲಿತ್ತು.