ಹದಿನೇಳನೆಯ ಮಗುವಿನ ಪಿಸುಮಾತು

"ನಾನಿನ್ನು ಯಾರ ಹತ್ತಿರ ಮಾತಾಡಲಿ?"

ಹೆಡ್‌ಫೋನಿನಲ್ಲಿ ಒಬ್ಬ ಮುದುಕಿಯ ದನಿ. ಆ ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂಬುದು ಕೇಳಿದ ಕೂಡಲೇ ತಿಳಿಯುತ್ತಿತ್ತು. ನಲ್ಲಿಯ ನೀರು ತೊಟ್ಟಿಕ್ಕುತ್ತಿತ್ತು, ಹೊರಗೆಲ್ಲೋ ಮಕ್ಕಳು ಓಡಾಡುತ್ತಿದ್ದರು. ನಾನು ಪೆಡಲಿನಿಂದ ಕಾಲು ತೆಗೆದೆ. ಟೇಪು ನಿಂತಿತು.

ಅದು ನನ್ನ ಅಮ್ಮನ ದನಿ. ಅವಳು ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಮಕ್ಕಳು ಮಾತು ಕಲಿಯುವ ಬಗೆಯನ್ನು ಅಭ್ಯಾಸ ಮಾಡುವ ಸಂಶೋಧನಾ ಕೇಂದ್ರದಲ್ಲಿ ನನ್ನದು ಕೇಳುವ ಕೆಲಸ. ಮಗುವಿನ ಅಂಗಿಯ ಮೇಲೆ ಜೇಬಿರುವ ಒಂದು ನಡುವಂಗಿ ತೊಡಿಸುತ್ತಾರೆ, ಜೇಬಿನಲ್ಲಿ ರೆಕಾರ್ಡರ್. ವಾರಕ್ಕೊಂದು ಮಧ್ಯಾಹ್ನ ಅದು ಮನೆಯಲ್ಲಿ ಆಡಿದ್ದೆಲ್ಲ ಟೇಪಿಗೆ ಬೀಳುತ್ತದೆ. ನಾವು ಅದನ್ನು ಕೇಳಿ ಸಾಲು ಸಾಲಾಗಿ ಬರೆಯಬೇಕು. ಮೊದಲು ಒಬ್ಬರು ಕೇಳುತ್ತಾರೆ, ಆಮೇಲೆ ಅವರ ಹಾಳೆ ನೋಡದೆ ಇನ್ನೊಬ್ಬರು. ಇಬ್ಬರ ಹಾಳೆಯೂ ನೂರಕ್ಕೆ ತೊಂಬತ್ತು ಸಾಲು ಒಪ್ಪಿದರೆ ಮಾತ್ರ ಆ ಟೇಪು ನಂಬಿಕೆಗೆ ಅರ್ಹ. ಹುಟ್ಟಿದಾಗಿನಿಂದ ಅಮ್ಮ ಹೇಳುತ್ತಿದ್ದ ಪದ್ಯಗಳನ್ನು ಕೇಳಿ ಬೆಳೆದವಳು ನಾನು. ಒಂದಕ್ಷರ ಜಾರಿದರೆ ಅವಳು ಮೊದಲಿನಿಂದ ಹೇಳಿಸುತ್ತಿದ್ದಳು. ಹೀಗಾಗಿ ಕೇಂದ್ರದಲ್ಲಿ ನನಗೆ ಕಿವಿಯಮ್ಮ ಅಂತಲೇ ಹೆಸರು.

ಇಲ್ಲಿ ಇನ್ನೊಂದು ನಿಯಮವಿದೆ. ತಾಯಿಗೆ ತನ್ನ ಮಗುವಿನ ಟೇಪು ಕೊಡುವುದಿಲ್ಲ. ಹೆತ್ತವಳು ಇಲ್ಲದ್ದನ್ನೂ ಕೇಳಿಸಿಕೊಳ್ಳುತ್ತಾಳಂತೆ.

ಈಗ ನಮ್ಮ ದೊಡ್ಡ ಸಾರ್ ಹಳೆಯ ಅಭ್ಯಾಸವನ್ನು ಪುಸ್ತಕ ಮಾಡುತ್ತಿದ್ದರು. ಬರೀ ಪುಸ್ತಕವಲ್ಲ, ಎಲ್ಲ ಶಾಲೆಗಳಿಗೂ ಹೋಗುವ ಕೈಪಿಡಿ. ಮಗು ಶಾಲೆಗೆ ಸೇರಿದ ಮೊದಲ ಆರು ತಿಂಗಳು ಮನೆಯ ಹಿರಿಯರು ಮನೆಮಾತಿನಲ್ಲಿ ಮಗುವಿನ ಜೊತೆ ಮಾತಾಡಬಾರದು, ಆಗ ಶಾಲೆಯ ಮಾತು ಬೇಗ ಬರುತ್ತದೆ ಎಂಬುದು ಅದರ ತಿರುಳು. ಹೊರಗಿನ ಪರೀಕ್ಷಕರು ಎರಡನೆಯ ಕೇಳುಗರ ಹಾಳೆ ಎಲ್ಲಿ ಎಂದು ಕೇಳಿದ್ದರು. ಆಗ ಮಾಡಿಸಿರಲಿಲ್ಲ. ಮೊದಲು ಕೇಳಿದಾತ ಊರು ಬಿಟ್ಟು ಎಷ್ಟೋ ವರ್ಷ. ಆ ಮನೆಮಾತು ಬಲ್ಲವಳು ಕೇಂದ್ರದಲ್ಲಿ ನಾನೊಬ್ಬಳೇ. ಸಾರ್ ಟೇಪುಗಳ ಪೆಟ್ಟಿಗೆಯನ್ನು ತಾವೇ ಎತ್ತಿ ತಂದು ನನ್ನ ಮೇಜಿನ ಮೇಲಿಟ್ಟು, ನಿಮ್ಮ ಸಹಿ ಒಂದು ಬಿದ್ದರೆ ನನ್ನ ಜನ್ಮ ಸಾರ್ಥಕ ಎಂದಿದ್ದರು.

ಮಕ್ಕಳಿಗೆಲ್ಲ ಹೆಸರಿನ ಬದಲು ನಂಬರು ಕೊಟ್ಟಿರುತ್ತೇವೆ. ಹದಿನೈದು ವರ್ಷ ನಂಬರುಗಳ ಜೊತೆ ಬಾಳಿದ ಸಾರ್‌ಗೆ, ಹದಿನೇಳು ಅಂದರೆ ಎದುರಿಗೇ ಕೂತಿರುವ ಹೆಂಗಸಿನ ಮಗಳು ಎನ್ನುವುದು ಮರೆತೇ ಹೋಗಿತ್ತು.

ಆ ಅಭ್ಯಾಸಕ್ಕೆ ನನ್ನ ಮಗಳನ್ನೂ ಸೇರಿಸಿದ್ದೆ. ಆಗ ಅವಳಿಗೆ ನಾಲ್ಕು ವರ್ಷ. ಮನೆಯಲ್ಲಿ ಅಜ್ಜಿಯ ಜೊತೆ ಚಿಲಿಪಿಲಿ, ಶಾಲೆಯಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಶಾಲೆಯವರು ದೂರಿದರು. ಒಂದು ಶುಕ್ರವಾರ ಸಾರ್ ನನ್ನನ್ನು ಕರೆದು ಕೂರಿಸಿ, ಎರಡು ದೋಣಿಯ ಮೇಲೆ ಕಾಲಿಟ್ಟರೆ ಮಗು ಮುಳುಗುತ್ತದೆ, ನಿಮ್ಮ ತಾಯಿಗೆ ಆರು ತಿಂಗಳು ಸುಮ್ಮನಿರಲು ಹೇಳಿ ಎಂದರು. ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು, ಅವರ ಮಾತು ನನಗೆ ವೇದವಾಕ್ಯ. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಚಿಟ್ಟು, "ಮಗೂಗೆ ಒಳ್ಳೇದಾಗೋದಾದ್ರೆ ಆಗಲಿ ಬಿಡು" ಎಂದಳು. ಅವಳಿಗೆ ಬರುತ್ತಿದ್ದುದು ಮನೆಮಾತೊಂದೇ. ಮರುದಿನದಿಂದ ಬೆಳಗಿನ ಪದ್ಯಗಳನ್ನೂ ತುಟಿಯೊಳಗೇ ಹೇಳಿಕೊಳ್ಳತೊಡಗಿದಳು. ಮೊಮ್ಮಗಳು ಸೆರಗು ಹಿಡಿದೆಳೆದರೆ ತಲೆ ಸವರಿ ಕಳಿಸುತ್ತಿದ್ದಳು. ನಾಲ್ಕನೆಯ ತಿಂಗಳು ಹಾಸಿಗೆ ಹಿಡಿದಳು. ಆರು ತಿಂಗಳು ಮುಗಿಯಲೇ ಇಲ್ಲ.

ನಿಯಮದ ಪ್ರಕಾರ ಪೆಟ್ಟಿಗೆಯನ್ನು ಅಲ್ಲೇ ಹಿಂದಿರುಗಿಸಬೇಕಿತ್ತು. ಹಿಂದಿರುಗಿಸಲಿಲ್ಲ. ಮೊದಲು ಕೈಗೆ ಸಿಕ್ಕಿದ್ದು ಹನ್ನೆರಡನೆಯ ವಾರದ್ದು, ಮಗಳು ನಡುವಂಗಿ ಕಳಚಿಟ್ಟು ಆಡಲು ಓಡಿದ್ದಾಗಿನದು; ಆ ಟೇಪನ್ನು ಬದಿಗಿಟ್ಟು, ಹದಿನೇಳನೆಯ ಮಗುವಿನ ಮೊದಲ ವಾರದಿಂದ ಕೇಳತೊಡಗಿದೆ.

ಆರನೆಯ ವಾರ. ಅಜ್ಜಿ ಒಳಗೆ ಪದ್ಯ ಹೇಳುತ್ತಿದ್ದಾಳೆ. ಬಟ್ಟೆಯ ಸರಬರ. ಆಮೇಲೆ ರೆಕಾರ್ಡರಿಗೆ ತೀರಾ ಹತ್ತಿರದಲ್ಲಿ, ಉಸಿರಿನಷ್ಟೇ ಸಣ್ಣಗೆ, ನನ್ನ ಮಗಳು ಗೊಂಬೆಗೆ ಹೇಳುತ್ತಿದ್ದಾಳೆ: ಕೂತ್ಕೋ. ಕೈ ಕಟ್ಟು. ಇದು ಕೆಂಪು. ಇದು ನಂದು, ನಿಂಗೆ ಕೊಡಲ್ಲ. ಅಷ್ಟೂ ಶಾಲೆಯ ಮಾತಿನಲ್ಲಿ. ಏಳು ಸಾಲು, ಒಂದೂ ತಪ್ಪಿಲ್ಲ. ಅಜ್ಜಿಯ ಪದ್ಯದ ಧಾಟಿಯಲ್ಲೇ ಎಳೆದೆಳೆದು ಹೇಳುತ್ತಿದ್ದಳು. ಅಜ್ಜಿಯನ್ನು ಸುಮ್ಮನಾಗಿಸುವ ಮೊದಲೇ ಅವಳಿಗೆ ಮಾತು ಬಂದಿತ್ತು. ಗಟ್ಟಿಯಾಗಿ ಆಡುವ ಧೈರ್ಯವಷ್ಟೇ ಬರಬೇಕಿತ್ತು.

ನನ್ನ ಹಾಳೆ ಮುಗಿಸಿದ ಮೇಲೆ ಹಳೆಯ ಕಡತ ತೆರೆದೆ. ಮೊದಲ ಕೇಳುಗ ಪಾಪ ನಿಯತ್ತಿನವನು, ಏಳು ಸಾಲನ್ನೂ ಬರೆದಿದ್ದ. ಅವುಗಳ ಮೇಲೆ ಸಾರ್ ಕೆಂಪು ಶಾಯಿಯ ಗೀಟು ಎಳೆದು, 'ಮಾತಲ್ಲ' ಎಂದು ಬರೆದು ತಾರೀಖು ಹಾಕಿದ್ದರು. ನನ್ನ ತಲೆಯ ಮೇಲೆ ಗೋಡೆಯಲ್ಲಿ ತೂಗುವ ನಿಯಮಗಳ ಪಟ್ಟಿಯಲ್ಲಿ ಅವರೇ ಬರೆದ ನಾಲ್ಕನೆಯ ನಿಯಮ, ಪಿಸುಮಾತೂ ಮಾತೇ. ಆ ತಾರೀಖು ಬುಧವಾರದ್ದು. ಅವರು ನನ್ನನ್ನು ಕರೆದು ಕೂರಿಸಿದ್ದು ಅದೇ ವಾರದ ಶುಕ್ರವಾರ.

ಗೊತ್ತಿತ್ತು. ಎರಡು ದಿನ ಮೊದಲೇ ಗೊತ್ತಿತ್ತು. ಅವರ ಲೆಕ್ಕಾಚಾರಕ್ಕೆ ಮಾತು ನಿಲ್ಲಿಸಿದ ಮನೆಯೊಂದು ಬೇಕಾಗಿತ್ತು, ನಮ್ಮದು ಸಿಕ್ಕಿತು.

ಆ ದಿನ ಮನೆಯಲ್ಲಿ ದೀಪ ಹಚ್ಚಿ ಅಮ್ಮನ ಸಾಲೊಂದನ್ನು ಮನೆಮಾತಿನಲ್ಲೇ ಗಟ್ಟಿಯಾಗಿ ಹೇಳಿದೆ. ಎಲ್ಲಿ ದನಿಯೋ ಅಲ್ಲಿ ನೀನು, ದನಿಯಡಗಿದರೆ ಎಲ್ಲಿ ನಾನು. ಕಾಲೇಜಿನಿಂದ ಬಂದ ಮಗಳು ಚಪ್ಪಲಿ ಬಿಡುತ್ತಾ, ಚೆನ್ನಾಗಿದೆಯಮ್ಮ, ಹಾಗಂದ್ರೇನು ಅಂತ ಶಾಲೆಯ ಮಾತಿನಲ್ಲಿ ಕೇಳಿದಳು. ಅಜ್ಜಿಯ ಮಾತಿನ ಒಂದು ಪದವೂ ಅವಳಲ್ಲಿ ಉಳಿದಿಲ್ಲ. ನಾನು ಅರ್ಥ ಹೇಳಿದೆ. ನಾಲ್ಕು ವರ್ಷದವಳಿಗೆ ಗೊತ್ತಿದ್ದುದನ್ನು ಹತ್ತೊಂಬತ್ತರವಳಿಗೆ ಬಿಡಿಸಿ ಹೇಳಬೇಕಾಗಿ ಬಂತು.

ಕ್ಷಮಿಸು ಎನ್ನುವ ಪದ್ಯಗಳು ನನಗೆ ಬೇಕಾದಷ್ಟು ಬರುತ್ತವೆ. ಅಂದು ಒಂದನ್ನೂ ಹೇಳಲಿಲ್ಲ. ನನ್ನ ಪಾಲಿನ ತಪ್ಪಿಗೆ ದೇವರ ಮುಂದೆ ತಲೆ ಬಾಗಿಸಿದೆ. ಸಾರ್ ಪಾಲಿನದಕ್ಕೆ ಬಾಗಿಸಲಿಲ್ಲ.

ಆಮೇಲೆ ಹನ್ನೊಂದು ದಿನ ಉಳಿದ ಟೇಪುಗಳನ್ನು ಕೇಳಿದೆ. ಸಾರ್ ದಿನಾ ಬಂದು, ಎಲ್ಲಿಗೆ ಬಂತು ಕಿವಿಯಮ್ಮ ಎನ್ನುವರು. ಆಗ್ತಾ ಇದೆ ಸಾರ್ ಎನ್ನುವೆ. ಟೈಪಿಸ್ಟು ನಗುತ್ತಾ, ನಿಮ್ಮನ್ನು ನೋಡಿದರೆ ಬೆಣ್ಣೆಯಲ್ಲಿ ಕೂದಲು ತೆಗೆಯೋ ಹಾಗಿದೀರ, ಯಾರ ತಲೆ ಕೂದಲೋ ಪಾಪ ಎಂದು ಚುಡಾಯಿಸಿದಳು. ನಾನೂ ನಕ್ಕೆ. ಕೈಪಿಡಿಯ ಮುಖಪುಟದ ಚಿತ್ರ ಬಂತು. ಬಿಡುಗಡೆಯ ದಿನ ಗೊತ್ತಾಯಿತು. ಸಾರ್ ಹೊಸ ಕೋಟಿಗೆ ಅಳತೆ ಕೊಟ್ಟರು. ಆಗಲಿ, ಮೇಲೇರಲಿ ಎಂದುಕೊಂಡೆ. ಅಟ್ಟದಿಂದ ಬಿದ್ದರಷ್ಟೇ ಪೆಟ್ಟು.

ಹನ್ನೆರಡನೆಯ ದಿನ ಕಡತ ಹಿಡಿದು ಅವರ ಕೋಣೆಗೆ ಹೋದೆ. ಹದಿನೇಳನೇ ಮಗುವಿನ ಆರನೇ ವಾರದಲ್ಲಿ ಏಳು ಸಾಲು ತಾಳೆಯಾಗುತ್ತಿಲ್ಲ ಎಂದೆ. ನನಗೆ ಕೇಳಿಸುತ್ತಿದೆ, ತಾವು ಹೊಡೆದುಹಾಕಿದ್ದೀರಿ, ಲೆಕ್ಕಕ್ಕೆ ಹಿಡಿಯಲೋ ಬಿಡಲೋ ಎಂದು ಕೇಳಿದೆ.

"ಬಿಡಿ ಬಿಡಿ. ಗೊಂಬೆ ಜೊತೆ ಗುಣುಗುಣು. ಅದನ್ನೆಲ್ಲ ಹಿಡಿದರೆ ಮುಗೀತು ಕಥೆ."

ನಾನು ತಲೆ ತಗ್ಗಿಸಿಯೇ ಹೇಳಿದೆ, ಹಾಗಾದರೆ ಪರೀಕ್ಷಕರು ಕೇಳಿದವಳ ಕಿವಿಯೇ ಸರಿಯಿಲ್ಲ ಎನ್ನುತ್ತಾರೆ, ತಾವೇ ತೆಗೆಸಿದ್ದೆಂದು ಒಂದು ಸಾಲು ಬರೆದುಕೊಟ್ಟರೆ ನನ್ನ ತಲೆ ಉಳಿಯುತ್ತದೆ. ಅವರು ನಕ್ಕರು. ನಿಮ್ಮ ಕಿವಿಯ ಮೇಲೆ ಯಾರು ಅನುಮಾನ ಪಡ್ತಾರೆ ತಾಯಿ ಎನ್ನುತ್ತಲೇ ಪೆನ್ನು ತೆಗೆದರು. ಆರನೆಯ ವಾರದ ಏಳು ಪಿಸುಮಾತುಗಳನ್ನು ಆಗಲೇ ಕೇಳಿದ್ದೆ, ನಾನೇ ತೆಗೆಸಿದ್ದು ಎಂದು ಬರೆದು, ಸಹಿ ಮಾಡಿ, ಹಳೆಯ ಗೀಟಿನ ತಾರೀಖನ್ನೂ ನೋಡಿಕೊಂಡು ಹಾಕಿದರು. ಕೆಲಸದಲ್ಲಿ ಅಚ್ಚುಕಟ್ಟು, ಅದನ್ನು ಅಲ್ಲಗಳೆಯಲಾರೆ.

ನಾನು ಆ ಹಾಳೆಯನ್ನೂ ಗೀಟು ಎಳೆದ ಹಳೆಯ ಹಾಳೆಯನ್ನೂ ಲಕೋಟೆಗೆ ಹಾಕಿದೆ. ಎರಡನೆಯ ಕೇಳುಗರ ಲಕೋಟೆಯನ್ನು ಕೇಳುಗರೇ ಅಂಟಿಸಿ ನೇರವಾಗಿ ಪರೀಕ್ಷಕರಿಗೆ ಕಳಿಸಬೇಕು, ಇದೂ ಅವರದೇ ನಿಯಮ. ಒಳಗೆ ನನ್ನದೊಂದು ಪತ್ರ ಆಗಲೇ ಇತ್ತು. ಈ ಮಗುವಿನ ತಾಯಿ ನಾನೇ, ಆದ್ದರಿಂದ ನನ್ನ ಕಿವಿಯನ್ನು ನಂಬಬೇಡಿ, ಬೇರೆಯವರಿಂದ ಕೇಳಿಸಿ, ಗೀಟು ಮತ್ತು ತಾರೀಖನ್ನು ಮಾತ್ರ ಕಣ್ಣಿಂದ ನೋಡಿ ಎಂದು ಬರೆದಿದ್ದೆ. ಅಂಟು ಬಳಿದು ಬೆರಳಿನಿಂದ ಒತ್ತಿದೆ.

"ಒಪ್ಪಿಗೆ ಸಹಿ?" ಎಂದರು ಸಾರ್.

"ಹದಿನೇಳು ನನ್ನ ಮಗಳು ಸಾರ್. ಹನ್ನೆರಡನೇ ವಾರದಲ್ಲಿ ಒಬ್ಬರು ಮುದುಕಿ ಒಂದು ಪ್ರಶ್ನೆ ಕೇಳ್ತಾರೆ. ಅದು ನಮ್ಮಮ್ಮ. ನೀವು ಬುಧವಾರ ಗೀಟು ಹಾಕಿದ್ರಿ, ಶುಕ್ರವಾರ ನನ್ನನ್ನ ಕರೆದ್ರಿ."

ಅವರು ಬಾಯಿ ತೆರೆದರು, ಏನೂ ಬರಲಿಲ್ಲ. ಮೂರು ಸೆಕೆಂಡು ದಾಟಿದ ಮೌನಕ್ಕೆ ನಾವು ಹಾಳೆಯಲ್ಲಿ ಸೊನ್ನೆ ಹಾಕುತ್ತೇವೆ. ಮನಸ್ಸಿನಲ್ಲೇ ಒಂದು ಸೊನ್ನೆ ಹಾಕಿದೆ. ಇನ್ನೊಂದು ಹಾಕಿದೆ. ಅಷ್ಟು ಹಿತವಾದದ್ದನ್ನು ಈ ಕೇಂದ್ರದಲ್ಲಿ ನಾನು ಬೇರೆ ಕೇಳಿರಲಿಲ್ಲ.

ಕೊನೆಗೆ ಅವರಿಗೆ ಮಾತು ಬಂತು. ಮೂವತ್ತು ವರ್ಷದ ದುಡಿಮೆ ಅಂದರು. ಕೈಪಿಡಿ ಅಚ್ಚಿಗೆ ಹೋಗಿದೆ ಅಂದರು. ನನ್ನ ಮಗಳು ಈಗ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನೋಡಿ ಅಂದರು. ಕೊನೆಕೊನೆಗೆ ದನಿ ತಗ್ಗಿತು, ಮೇಜಿನ ಮೇಲೆ ಕೈ ಮುಂದೆ ಬಂತು.

"ತಪ್ಪಾಯ್ತು. ಆ ಹಾಳೆ ವಾಪಸ್ ಕೊಡಿ ಅಮ್ಮ."

ಉಸಿರಿನಷ್ಟೇ ಸಣ್ಣಗೆ ಕೇಳಿದರು. ಆದರೂ ಸ್ಪಷ್ಟವಾಗಿ ಕೇಳಿಸಿತು.

"ಕೊಡಲ್ಲ" ಎಂದೆ.