ಮುನಿಯಣ್ಣನ ಕೊಡ ಹಿಂದೆ ಸರಿಸಿದ್ದು

ಬಾಪೂಜಿ ನಗರದ ನಮ್ಮ ಬೀದಿ ನಲ್ಲಿಯ ಮುಂದೆ ಸಾಲು ನಿಲ್ಲುತ್ತಿದ್ದದ್ದು ಮನುಷ್ಯರಲ್ಲ, ಕೊಡಗಳು. ಬೆಳಗಾಗುತ್ತಲೇ ಕೊಡ ಇಟ್ಟು ಮನೆಗೆ ಹೋದರೆ, ಏಳಕ್ಕೆ ನೀರು ಬಿಡುವವರೆಗೂ ಆ ಜಾಗ ನಮ್ಮದು. ಬೇರೆಯವರ ಕೊಡ ಯಾರೂ ಮುಟ್ಟುವಂತಿಲ್ಲ. ನಾನು ಮುಟ್ಟಿದೆ. ಎಪ್ಪತ್ತನಾಲ್ಕನೇ ಇಸವಿ, ನನಗೆ ಹದಿಮೂರು, ಸ್ಕೂಲಿಗೆ ಲೇಟಾಗುತ್ತಿತ್ತು, ಜೊತೆಗೆ ಮೈತುಂಬ ಕೊಬ್ಬು. ಎದುರುಮನೆಯ ಮುನಿಯಣ್ಣನ ಕೊಡ ಹಿಂದೆ ಸರಿಸಿ ನಮ್ಮದನ್ನು ಮುಂದಿಟ್ಟೆ.

ನೀರು ಬಂತು. ನಮ್ಮ ಕೊಡ ತುಂಬಿ ಇನ್ನೇನು ಎತ್ತಿಕೊಳ್ಳಬೇಕು, ನಾಲ್ಕು ಜನ ಬಂದು, ಹಿಂದೆ ಕಾಯುತ್ತಿದ್ದ ಮುನಿಯಣ್ಣನನ್ನು ಕೆಡವಿಕೊಂಡು ದೊಣ್ಣೆಯಲ್ಲಿ ಬಡಿದರು. ಬೀದಿಗೆ ಬೀದಿಯೇ ನಿಂತು ನೋಡಿತು. ನಾನೂ ನೋಡಿದೆ.

ನಾನು ಕೊಡ ಸರಿಸದೇ ಇದ್ದಿದ್ದರೆ ಮುನಿಯಣ್ಣ ಅಷ್ಟು ಹೊತ್ತಿಗೆ ನೀರು ಹಿಡಿದು ಹೊರಟುಹೋಗಿರುತ್ತಿದ್ದರು. ಈ ಮಾತು ಒಂದು ತಿಂಗಳು ನನ್ನನ್ನು ತಿಂದುಹಾಕಿತು. ಮನೆಯಲ್ಲಿ ಒಂದು ಲೋಟವನ್ನೂ ಇದ್ದ ಜಾಗದಿಂದ ಕದಲಿಸಲು ಬಿಡುತ್ತಿರಲಿಲ್ಲ. ಅಮ್ಮ "ಈ ಕೋಕಿಲಾಗೆ ಏನೋ ಗಾಳಿ ಸೋಕಿದೆ" ಎಂದು ನಿಂಬೆಹಣ್ಣು ನಿವಾಳಿಸಿದರು. ಗಾಳಿಯೂ ಇಲ್ಲ, ಗೀಳಿಯೂ ಇಲ್ಲ.

ಮುನಿಯಣ್ಣ ಆಸ್ಪತ್ರೆಯಿಂದ ಬಂದ ದಿನ ಹೋಗಿ ನಿಂತೆ. ತಲೆಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ಮಾವ, ಅವತ್ತು ನಿಮ್ ಕೊಡ ಹಿಂದಕ್ಕಿಟ್ಟಿದ್ದು ನಾನೇ."

"ನೋಡ್ದೆ ಕಣಮ್ಮ. ಭಾರಿ ಘಾಟಿ ನೀನು."

"ನಾನ್ ಇಡದೇ ಇದ್ದಿದ್ರೆ ನೀವು ಮನೇಲಿರ್ತಿದ್ರಿ."

"ಮನೆಗೇ ಬರ್ತಿದ್ರು. ಅವತ್ತೂ ಮೊದ್ಲು ನಮ್ಮನೆ ಬಾಗಿಲು ಒದ್ದು, ಆಮೇಲೆ ನಲ್ಲಿ ಹತ್ರ ಬಂದಿದ್ದು ಅವ್ರು. ಮಿಲ್ಲಿನ ಯೂನಿಯನ್ ಜಗಳ ಅದು. ನಿನಗ್ಯಾಕೆ ಆ ಯೋಚನೆ?"

ಹಗುರಾಗಬೇಕಿತ್ತು. ಆಗಲಿಲ್ಲ. ತಪ್ಪು ನನ್ನದಾಗಿದ್ದರೆ ಇನ್ನೊಮ್ಮೆ ಮಾಡದಿದ್ದರಾಯಿತು. ತಿಂಗಳೆಲ್ಲ ಆ ಧೈರ್ಯದಲ್ಲೇ ಇದ್ದೆ. ಈಗ ನಾನು ಏನು ಸರಿಸಿದರೂ, ಬಿಟ್ಟರೂ, ಬರುವವರು ಬರುತ್ತಾರೆ.

"ಮತ್ತೆ ಬಂದ್ರೆ ಏನ್ ಮಾಡ್ತೀರಾ ಮಾವ?"

"ಗೊತ್ತಿಲ್ಲ ಕಣಮ್ಮ."

ದೊಡ್ಡವರೊಬ್ಬರು ಹೀಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಷ್ಟು ಹೇಳಿ ಅವರು ಗೋಡೆ ಹಿಡಿದು ಎದ್ದರು.

"ಎಲ್ಲಿಗೆ ಮಾವ?"

"ಅಂಗಿ ಒಗೀಬೇಕು. ಸೋಮವಾರ ಮಿಲ್ಲಿಗೆ ಹೋಗ್ಬೇಕಲ್ಲ."

ಅದೇ ಮಿಲ್ಲಿಗೆ. ಗೊತ್ತಿಲ್ಲ ಅಂದ ಬಾಯಲ್ಲೇ. ಏನೂ ಗೊತ್ತಿಲ್ಲದೆ ಹೀಗೂ ಇರಬಹುದೇ ಎಂದು ನಾನು ಕಣ್ಣು ಮಿಟುಕಿಸದೆ ಅವರನ್ನೇ ನೋಡಿದೆ. ಆಮೇಲೆ ಅವರ ಕೈಯಿಂದ ಅಂಗಿ ಕಸಿದುಕೊಂಡೆ. ಒಗೆಯುತ್ತ, ತಿಂಗಳಲ್ಲಿ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತೆ.