ಬೆಳಕಿನ ಗುಂಪು

"ತಲೆ ಕಡೆ ಸ್ವಲ್ಪ ಎತ್ತಿ, ಇಲ್ಲದಿದ್ರೆ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ," ಎಂದು ವ್ಯಾನಿನ ಚಾಲಕ ಕೆಳಗಿನ ಮೆಟ್ಟಿಲಿನಿಂದ ಹೇಳಿದ. ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸಿರಲಿಲ್ಲ. ನಾಲ್ವರು ಗಂಡಸರು ಅದನ್ನು ಹೊತ್ತು ಇಳಿಯುತ್ತಿದ್ದರು. ತಿರುವಿನಲ್ಲಿ ಅದು ಗೋಡೆಗೆ ತಾಗಿ ಒಂದಿಷ್ಟು ಬಣ್ಣ ಕಿತ್ತುಬಂತು. ಹಿಂದೆ ಬರುತ್ತಿದ್ದ ಮಗಳು ಕೈಚೀಲವನ್ನು ಹೆಗಲಿಗೇರಿಸಿ ತಾನೂ ಒಂದು ಮೂಲೆಗೆ ಕೈ ಕೊಟ್ಟಳು. ಅಪ್ಪನನ್ನು ಮುಟ್ಟದೆ ಎಷ್ಟೋ ವರ್ಷಗಳಾಗಿದ್ದವು. ಈಗ ಮುಟ್ಟಿದ್ದೂ ಹಲಗೆಯನ್ನೇ.

"ಬದುಕಿದ್ದಾಗ ನನ್ನ ತಮ್ಮ ಯಾರಿಗೂ ಭಾರ ಆಗಲಿಲ್ಲ," ಎಂದಳು ಮೇಲೆ ನಿಂತಿದ್ದ ಸೋದರತ್ತೆ. "ಈಗ ನೋಡು, ನಾಲ್ಕು ಜನರ ಬೆನ್ನು ಮುರೀತಿದಾನೆ." ಅತ್ತೂ ಅತ್ತೂ ಅವಳ ದನಿ ಹೋಗಿತ್ತು, ನಾಲಿಗೆ ಮಾತ್ರ ಎಂದಿನಂತೆಯೇ ಇತ್ತು.

ಸತ್ತವನನ್ನು ಕಚೇರಿಯಲ್ಲಿ ಎಲ್ಲರೂ 'ಸರಾಸರಿ' ಎಂದು ಕರೆಯುತ್ತಿದ್ದರು. ಚಹಾ ಹೇಗಿದೆ ಎಂದರೆ ಸರಾಸರಿ, ಸಿನಿಮಾ ಹೇಗಿತ್ತು ಎಂದರೆ ಸರಾಸರಿ, ಜ್ವರ ಹೇಗಿದೆ ಎಂದರೂ ಅದೇ. ಹೌದು ಎಂದೋ ಇಲ್ಲ ಎಂದೋ ಅವನ ಬಾಯಿಂದ ಹೊರಡಿಸುವುದೆಂದರೆ ಮರಳಿನಿಂದ ಎಣ್ಣೆ ತೆಗೆದ ಹಾಗೆ. ಆ ಕಚೇರಿ ನಡೆಸುತ್ತಿದ್ದ ಸಾಮಾಜಿಕ ಜಾಲತಾಣದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಅಳೆಯುವುದು ಅವನ ಕಸುಬಾಗಿತ್ತು. ಯಾವ ಚಿತ್ರದ ಮುಂದೆ ಹೆಬ್ಬೆರಳು ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಬರೆಯಲು ಶುರುಮಾಡಿ ಎಷ್ಟು ಜನ ಅಳಿಸಿಬಿಡುತ್ತಾರೆ. ಆ ಜನರ ಮುಖ, ಹೆಸರು ಅವನಿಗೆ ತಿಳಿಯಬಾರದು, ಅದೇ ಕೆಲಸದ ನಿಯಮ.

ವ್ಯಾನಿನಲ್ಲಿ ಅತ್ತೆ ಮಗಳ ಪಕ್ಕ ಕುಳಿತಳು. "ನೀನು ಬರ್ತೀಯೋ ಇಲ್ಲವೋ ಅಂದ್ಕೊಂಡಿದ್ದೆ," ಎಂದಳು.

"ಬರದೆ ಇರೋಕಾಗುತ್ತಾ."

"ಇಷ್ಟು ವರ್ಷ ಬರದೆ ಇದ್ದೆಯಲ್ಲ." ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. "ನಿನ್ನ ಮೇಲೆ ಒಂದು ಮಾತು ಆಡಲಿಲ್ಲ ಕಣೇ ಅವನು. ನಾನೇ ರೇಗಿದ್ರೆ, 'ಬೈಕೊಳ್ಳಲಿ ಬಿಡಕ್ಕ, ನನ್ನನ್ನ ಬೈಕೊಂಡು ಅವಳು ಚೆನ್ನಾಗಿರಲಿ' ಅಂತಿದ್ದ. ಬೈದ್ರೆ ಯಾರಾದ್ರೂ ಚೆನ್ನಾಗಿರ್ತಾರಾ? ಅವನ ಮಾತು ಅವನಿಗೇ ಅರ್ಥ ಆಗಬೇಕು."

ಮಗಳು ಕಿಟಕಿಯಿಂದಾಚೆ ನೋಡುತ್ತ ಕುಳಿತಳು. ಅವಳು ಅಳಲಿಕ್ಕೆ ಬಂದವಳಲ್ಲ. ಅಪ್ಪನ ಹಳೆಯ ಕಚೇರಿಯವರು ಬರುತ್ತಾರೆ, ಅವರಲ್ಲೊಬ್ಬರಿಗಾದರೂ ಗೊತ್ತಿರುತ್ತದೆ ಎಂದು ಬಂದಿದ್ದಳು. ಅಪ್ಪನ ಆ ಪ್ರಯೋಗದಲ್ಲಿ ಅಮ್ಮ ಯಾವ ಗುಂಪಿನಲ್ಲಿದ್ದಳು ಎಂಬುದು ಬೇರೆಯವರ ಬಾಯಿಂದ ಒಮ್ಮೆ ಖಚಿತವಾಗಬೇಕಿತ್ತು. ಅದು ಖಚಿತವಾದರೆ ಅಪ್ಪನ ಮೇಲಿನ ಸಿಟ್ಟನ್ನು ಸರಿಯೆಂದು ಇಟ್ಟುಕೊಂಡು, ಅಳದೆ ವಾಪಸು ಹೋಗಬಹುದು.

* * *

ಅವಳು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಊಟದ ಮೇಜಿಗೂ ಕಸುಬನ್ನು ತರುತ್ತಿದ್ದ.

"ಜನ ಜಗಳ ನೋಡುವಷ್ಟು ಹೊತ್ತು ಮದುವೆ ನೋಡಲ್ಲ," ಎಂದ ಒಮ್ಮೆ.

"ಮದುವೆ ಆದ್ಮೇಲೆ ಜಗಳ ಮನೇಲೇ ಸಿಗುತ್ತಲ್ಲ," ಎಂದಳು ಅಮ್ಮ. "ನನ್ನ ಅಡುಗೆ ಹೇಗಿದೆ, ಅದನ್ನ ಅಳೀರಿ."

"ಸರಾಸರಿ."

ಅಮ್ಮ ಸೌಟನ್ನು ತೋರಿಸಿದಳು, ಮೂವರೂ ನಕ್ಕರು. ಆಗ ಆ ಮನೆಯಲ್ಲಿ ನಗುವುದಕ್ಕೆ ಕಷ್ಟವಿರಲಿಲ್ಲ.

ಓದು ಮುಗಿದ ಮೇಲೆ ಮಗಳು ದೂರದ ನಗರದ ದೊಡ್ಡ ಹೋಟೆಲೊಂದರಲ್ಲಿ ಸ್ವಾಗತದ ಕೆಲಸಕ್ಕೆ ಸೇರಿದಳು. ಬಂದವರಿಗೆ ನಗುತ್ತ ಬೀಗದ ಕೈ ಕೊಡುವುದು. ಇತ್ತ ಅಮ್ಮ ಮಾತು ಕಡಿಮೆ ಮಾಡಿದಳು, ಹಗಲೆಲ್ಲ ಮಂಚದ ಮೇಲೆ ಫೋನು ಹಿಡಿದು ಮಲಗಿರುತ್ತಿದ್ದಳು. ವೈದ್ಯರು ಮಾತ್ರೆ ಬರೆದುಕೊಟ್ಟರು. ಆದರೆ ಮಗಳು ಫೋನು ಮಾಡಿದಾಗಲೆಲ್ಲ ಅವಳು "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಿದ್ದಳು.

ಆ ವರ್ಷವೇ ಕಚೇರಿಯಲ್ಲಿ ಒಂದು ಪ್ರಯೋಗ ನಡೆಯಿತು. ದುಃಖ ನೆಗಡಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ ಎಂಬುದು ಪ್ರಶ್ನೆ. ಒಂದು ತಿಂಗಳು, ತಾಣ ಬಳಸುವ ಅರ್ಧ ಜನರಿಗೆ ಅವರ ಬಂಧುಬಳಗ ಬರೆದ ಸಂತೋಷದ ಸಂಗತಿಗಳನ್ನು ಮರೆಮಾಡಿ ಕೊರಗನ್ನೇ ತೋರಿಸುವುದು. ಉಳಿದರ್ಧಕ್ಕೆ ಕೊರಗನ್ನು ಮರೆಮಾಡಿ ನಗುವನ್ನೇ ತೋರಿಸುವುದು. ಒಳಗೆ ಇವಕ್ಕೆ ಕತ್ತಲ ಗುಂಪು, ಬೆಳಕಿನ ಗುಂಪು ಎಂದು ಹೆಸರಿಟ್ಟರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಜನ ನಟಿಸುತ್ತಾರೆ, ಅಳತೆ ಕೆಡುತ್ತದೆ. ಪ್ರಯೋಗದ ಉಸ್ತುವಾರಿ ಸರಾಸರಿಯದು.

ಆ ತಿಂಗಳು ಮುಗಿಯುವ ಮುಂಚೆಯೇ ಅಮ್ಮ ತಾನಾಗಿ ಜೀವ ಕಳೆದುಕೊಂಡಳು.

ಮರುವರ್ಷ ಪ್ರಯೋಗದ ವಿಷಯ ಪತ್ರಿಕೆಗಳಿಗೆ ಗೊತ್ತಾಯಿತು. ಓದಿದ ಮಗಳು ರಜೆಯನ್ನೂ ಕೇಳದೆ ಹೊರಟುಬಂದಳು. ಅಪ್ಪ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ.

"ಅಮ್ಮನೂ ಇದ್ದಳಾ ಅದರಲ್ಲಿ?"

"ಎಲ್ಲರೂ ಇದ್ದರು."

"ಕತ್ತಲ ಗುಂಪಿನಲ್ಲಿ ಹಾಕಿದ್ದೆ ಅವಳನ್ನ. ಮೊದಲೇ ಸೋತಿದ್ದೋಳಿಗೆ ಊರಿನ ಗೋಳೆಲ್ಲ ತೋರಿಸಿ ನೀನೇ ಕೊಂದೆ. ಹೌದೋ ಅಲ್ವೋ?"

ಅಪ್ಪ ನಲ್ಲಿ ನಿಲ್ಲಿಸಿದ. ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಈ ಸಲ ಸರಾಸರಿ ಎನ್ನಲಿಲ್ಲ.

"ಹೌದು," ಎಂದ.

ಅವಳು ಚೀಲವನ್ನು ಕೆಳಗಿಡದೆಯೇ ತಿರುಗಿ ಹೋದಳು. ಆಮೇಲೆ ಅಪ್ಪನ ಕರೆಗಳಿಗೆ ಉತ್ತರಿಸಲಿಲ್ಲ, ಕೆಲವು ತಿಂಗಳ ಮೇಲೆ ಕರೆಗಳೂ ನಿಂತವು.

* * *

ವಿದ್ಯುತ್ ಚಿತಾಗಾರದ ಹಜಾರದಲ್ಲಿ ಸರದಿಗಾಗಿ ಕಾಯಬೇಕಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಕೊನೆಯ ಸಾಲಿನಲ್ಲಿ ಅಪ್ಪನ ವಿಭಾಗದ ಮುಖ್ಯಸ್ಥೆಯಾಗಿದ್ದ ಮೇಡಂ ಕುಳಿತಿದ್ದರು. ಈಗ ನಿವೃತ್ತರು, ಕೈಯಲ್ಲಿ ಊರುಗೋಲು. ಮಗಳು ಅವರ ಪಕ್ಕದಲ್ಲಿ ಕುಳಿತು, ಪೀಠಿಕೆಯಿಲ್ಲದೆ ಕೇಳಿದಳು.

"ನಮ್ಮಮ್ಮ ಕತ್ತಲ ಗುಂಪಿನಲ್ಲಿದ್ರಾ ಮೇಡಂ?"

ಮೇಡಂ ಬೆಚ್ಚಿದರು. "ಅದನ್ನೆಲ್ಲ ಈಗ ಯಾಕಮ್ಮ... ಪರಿಣಾಮ ಕೂದಲೆಳೆಯಷ್ಟು ಅಂತ ಬಂತು. ಲಕ್ಷಾಂತರ ಜನರ ಸರಾಸರಿ."

"ನನಗೆ ಲಕ್ಷಾಂತರ ಜನ ಬೇಡ. ಒಬ್ಬಳು ಸಾಕು."

ಮೇಡಂ ಊರುಗೋಲಿನ ಹಿಡಿಯನ್ನು ತಿರುಗಿಸಿದರು. "ಹೆಸರು ನಾವು ನೋಡ್ತಿರಲಿಲ್ಲ," ಎಂದರು ಆಮೇಲೆ. "ಫೋನ್ ನಂಬರಿನ ಕೊನೇ ಅಂಕಿ ನೋಡಿ ಪಾಲು ಮಾಡಿದ್ದು. ಸಮ ಸಂಖ್ಯೆ ಕತ್ತಲು, ಬೆಸ ಸಂಖ್ಯೆ ಬೆಳಕು. ಆ ನಿಯಮ ನಿಮ್ಮಪ್ಪಂದೇ. ನಿಮ್ಮಮ್ಮನ ನಂಬರು ನೆನಪಿದೆಯಾ?"

ನೆನಪಿರದೆ ಏನು. ಸ್ಕೂಲಿನ ಚೀಲದ ಮೇಲೆ ಅಮ್ಮನೇ ಬರೆದು ಬಾಯಿಪಾಠ ಮಾಡಿಸಿದ್ದ ನಂಬರು. "ಏಳು," ಎಂದಳು ಮಗಳು. "ಕೊನೇದು ಏಳು."

ಮೇಡಂ ಮುಖ ಅರಳಿತು. ಅವಳ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದುಕೊಂಡರು. "ಹಾಗಾದ್ರೆ ಬೆಳಕಿನ ಗುಂಪು ಕಣಮ್ಮ. ಇಷ್ಟು ವರ್ಷ ನೀನು ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡೆ. ಆ ತಿಂಗಳೆಲ್ಲ ಅವರು ಒಳ್ಳೇದನ್ನೇ ನೋಡಿದಾರೆ. ನಿಮ್ಮಪ್ಪ ಹೇಳಲಿಲ್ವಾ? ಅವನಿಗೆ ಮೊದಲ ದಿನವೇ ಗೊತ್ತಿರುತ್ತಲ್ಲ."

"ನಾನು ಏನಾದ್ರೂ ಬೇಜಾರಿಂದ ಬರೆದಿದ್ರೆ?"

"ಅವರಿಗೆ ಕಾಣ್ತಾನೇ ಇರಲಿಲ್ಲ. ನೀನು ನಗ್ತಿರೋ ಫೋಟೊ ಹಾಕಿದ್ರೆ ಅದು ಎಲ್ಲಕ್ಕಿಂತ ಮೇಲೆ ಬರ್ತಿತ್ತು. ಸಮಾಧಾನ ಮಾಡ್ಕೊ."

ಮಗಳು ಕೈ ಬಿಡಿಸಿಕೊಂಡಳು. ಅಪ್ಪ ಅಡುಗೆಮನೆಯಲ್ಲಿ ಅಷ್ಟು ಹೊತ್ತು ತನ್ನ ಮುಖ ನೋಡುತ್ತ ಏನನ್ನು ತೂಗುತ್ತಿದ್ದ ಎಂಬುದು ಈಗ ಗೊತ್ತಾಯಿತು. ಅಲ್ಲ ಎಂದಿದ್ದರೆ ಅವಳು ಅಂದೇ ಹುಡುಕಲು ಹೊರಡುತ್ತಿದ್ದಳು, ಅಮ್ಮ ಹಾಗಾದರೆ ಏನನ್ನು ನೋಡಿದಳು ಎಂದು. ಅದಕ್ಕೇ ಅವನು ಹೌದು ಎಂದಿದ್ದ. ಅವಳು ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು.

ಅಮ್ಮ ಹೋದಂದಿನಿಂದ ಮುಟ್ಟದಿದ್ದ, ಆ ಜಾಲತಾಣದ ತನ್ನ ಹಳೆಯ ಪುಟವನ್ನು ಫೋನಿನಲ್ಲಿ ತೆರೆದಳು. ಆ ತಿಂಗಳಿಗೆ ಸರಿಸಿಕೊಂಡು ಬಂದಳು. ಸಮವಸ್ತ್ರದಲ್ಲಿ ನಗುತ್ತಿರುವ ಫೋಟೊ, ಗೆಳತಿಯರೊಂದಿಗೆ ಸಮುದ್ರದ ಮುಂದೆ ನಗುತ್ತಿರುವ ಫೋಟೊ. ಪ್ರತಿಯೊಂದರ ಕೆಳಗೂ ಅಮ್ಮನ ಮಾತಿತ್ತು, ಚಂದ, ದೃಷ್ಟಿಯಾದೀತು, ಹೀಗೇ ನಗ್ತಿರು.

ನಡುವೆ ಒಂದೇ ಒಂದು ಸಾಲು, ಫೋಟೊ ಇಲ್ಲದ್ದು: "ಇಲ್ಲಿ ಇರೋಕಾಗ್ತಿಲ್ಲ. ಅಮ್ಮನ ಹತ್ರ ಹೋಗಿ ಮಲಗಬೇಕು." ಜ್ವರದಲ್ಲಿ ಬರೆದದ್ದು. ಅದನ್ನು ಓದಿಯೂ ಅಮ್ಮ ಫೋನು ಮಾಡಲಿಲ್ಲವೆಂದು ಅವಳು ಆಗ ಮುನಿಸಿಕೊಂಡಿದ್ದಳು. ಆ ಮುನಿಸಿನಲ್ಲೇ ಮಾರನೆಯ ದಿನ ಬೇಕೆಂದೇ ಹಲ್ಲು ಕಾಣುವಂತೆ ನಕ್ಕು ಇನ್ನೊಂದು ಫೋಟೊ ಹಾಕಿದ್ದಳು.

ಒಳಗಿನಿಂದ ಅತ್ತೆ ಕರೆದಳು. "ಬಾರೇ, ಮುಖ ನೋಡೋದಾದ್ರೆ ಈಗಲೇ ನೋಡಬೇಕಂತೆ."

ಅವಳು ಏಳಲಿಲ್ಲ. ಆ ಕೊನೆಯ ಫೋಟೊದ ಕೆಳಗೆ ಅಮ್ಮ ಬರೆದಿದ್ದಳು: "ನಿನ್ನ ನಗು ನೋಡಿ ನನ್ನ ಜೀವ ಹಗುರ ಆಯ್ತು ಮಗಳೇ. ಇನ್ನು ನಾನಿಲ್ಲದಿದ್ರೂ ನಿನಗೆ ನಡೆಯುತ್ತೆ."

ಅದಕ್ಕೆ ಮಗಳು ಉತ್ತರ ಬರೆದಿರಲಿಲ್ಲ. ಆ ಹೊತ್ತಿಗೆ ಕೌಂಟರಿನ ಮುಂದೆ ಯಾರೋ ಬಂದು ನಿಂತಿದ್ದಿರಬೇಕು. ಕೆಳಗೆ ಒಂದು ಪುಟ್ಟ ಕೆಂಪು ಹೃದಯವಿತ್ತು, ಪಕ್ಕದಲ್ಲಿ ಅದನ್ನು ಒತ್ತಿದವಳ ಹೆಸರು, ತನ್ನದೇ.